ಬಾಡಿಗೆ ನರಳಾಟ

"ಎದ್ದೇಳೇ ಸಿಗಾನಿ ಮುಂಡೆ! ಫ್ರಾನ್ಸಿನ ದೊರೆಸಾನೀರು ಕತ್ತಿಗೆ ಬಳ್ಕೊಳೋ ಹೂವಿನ ಮ್ಯಾಲೆ ಕುಂಡಿ ಊರ್ಕಂಡು ಕುಂತವ್ಳೆ. ನಾಳೆ ಆ ಎಣ್ಣೆ ನಿನ್ ನಾತ ಹೊಡುದ್ರೆ ಯಾವನ್ ಕೊಂಡ್ಕತಾನೆ?"

ನಾಸ್ಕಾ ಏಳಲಿಲ್ಲ. ಗುಲಾಬಿ ತುಂಬಿದ ಮೂಟೆಯ ಮೇಲೆ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು ಮುದುಡಿ ಕೂತಿದ್ದಳು. ಸೂರ್ಯ ಇನ್ನೂ ಬಾಲ್ಕನ್ ಗುಡ್ಡದ ಹಿಂದೆಯೇ ಇದ್ದ. ಇಬ್ಬನಿ ಆರುವ ಮೊದಲು ಹೂ ಬಿಡಿಸಿ ಮುಗಿಸಬೇಕು, ಬಿಸಿಲೇರಿದರೆ ಎಣ್ಣೆ ಹಾರಿಹೋಗುತ್ತದೆ. ಸಾಲಿನಲ್ಲಿದ್ದ ಉಳಿದ ಹೆಂಗಸರು ಕೈ ನಿಲ್ಲಿಸದೆ ಕಣ್ಣನ್ನು ಮಾತ್ರ ಇತ್ತ ಹೊರಳಿಸಿದರು.

"ಹೊಟ್ಟೆ, ಧಣಿ. ಬಲಗಡೆ ಚೂರಿ ಆಡ್ಸ್‌ದಂಗಾಯ್ತದೆ."

"ಸಿಕ್ಕಿದ್ದೆಲ್ಲಾ ಬಾಯಿಗೆ ತುರುಕ್ಕಂಡ್ರೆ ಇನ್ನೇನಾಯ್ತದೆ?"

"ನೆನ್ನೆ ಮಧ್ಯಾನದಿಂದ ಒಂದ್ ತುತ್ತೂ ಇಳ್ದಿಲ್ಲ."

"ಹಂಗಾದ್ರೆ ಬಸ್ರಿ! ಅದೊಂದ್ ಬೆಳೆ ಮಾತ್ರ ನಿಮ್ಮಲ್ಲಿ ಯಾವ್ ವರ್ಸಾನೂ ಕೈ ಕೊಡಾಕಿಲ್ಲ."

ಗೆಂಚೆವ್ ತನ್ನ ಮಾತಿಗೆ ತಾನೇ ನಕ್ಕು ಸಾಲಿನ ಕಡೆ ನೋಡಿದ. ನಾಳೆ ಬೆಳಿಗ್ಗೆ ಲಾರಿಗೆ ಯಾರು ಹತ್ತಬೇಕು, ಯಾರು ಮನೆಯಲ್ಲಿ ಕೂರಬೇಕು ಎಂದು ಹೇಳುವವನು ಅವನೇ. ಇಬ್ಬರು ಹೆಂಗಸರು ನಕ್ಕರು.

ಅವನು ಬಾಗಿ ಅವಳನ್ನು ಎಬ್ಬಿಸಲಿಲ್ಲ. ಬೂಟಿನ ತುದಿಯಿಂದ ಮೂಟೆಯನ್ನು ಒದ್ದ. ಮೂಟೆ ಸರಿದು ನಾಸ್ಕಾ ಮಣ್ಣಿಗೆ ಉರುಳಿದಳು. ಒಂದಷ್ಟು ಎಸಳುಗಳು ಅವಳ ಕೂದಲಿಗೆ ಅಂಟಿಕೊಂಡವು.

"ಅವಳ ತಲೇಲಿರೋದ್ನೂ ಕಿತ್ತು ಮೂಟೆಗಾಕ್ರೇ," ಎಂದ ಗೆಂಚೆವ್. "ತೂಕಕ್ಕೆ ಬತ್ತದೆ."

ಲಾರಿಯವನು ಅವಳನ್ನು ಡಾಂಬರು ರಸ್ತೆ ಮುಗಿಯುವ ಕಡೆ, ಸೇತುವೆಯ ಹತ್ತಿರ ಇಳಿಸಿ ಹೋದ. ಸೇತುವೆಯಿಂದಾಚೆ ನಮ್ಮ ಮೊಹಲ್ಲಾ, ಊರವರ ಬಾಯಲ್ಲಿ ಸಿಗಾನಿಗಳಾದ ಜಿಪ್ಸಿ ಜನರದು. ಸೇತುವೆಯಿಂದೀಚೆ ಬಸ್ ನಿಲ್ದಾಣ, ಚರ್ಚು, ಊರ ಕಚೇರಿ. ನಾಸ್ಕಾಳ ಅಕ್ಕ ಸೆವ್ದಾ ಆಗ ಬಸ್ ನಿಲ್ದಾಣದ ಗೋಡೆಯಿಂದ ಸಾವಿನ ಪತ್ರಗಳನ್ನು ಕೆರೆಯುತ್ತಿದ್ದಳು. ನಮ್ಮ ಕಡೆ ಸತ್ತವರ ಫೋಟೊ ಹಾಕಿ ಪತ್ರ ಅಚ್ಚು ಮಾಡಿಸಿ ಗೇಟು, ಕಂಬ, ಮರ ಎನ್ನದೆ ಅಂಟಿಸುತ್ತಾರೆ. ಸತ್ತ ದಿನಕ್ಕೊಂದು, ನಲವತ್ತನೆಯ ದಿನಕ್ಕೊಂದು, ಆಮೇಲೆ ವರ್ಷ ವರ್ಷಕ್ಕೊಂದು. ಮಳೆಗೆ ನೆನೆದು ಮೂಗು ಬಾಯಿ ಕರಗಿದ ಹಳೆಯ ಮುಖಗಳನ್ನು ಕೆರೆದು ತೆಗೆಯುವುದು ಊರಿನ ಕಸ ಗುಡಿಸುವವಳ ಪಾಲಿಗೆ ಬಂದಿದೆ. ಸೆವ್ದಾ ಆ ಕೆಲಸದವಳು. ಕಚೇರಿಯವರು ಅವಳಿಗೆ ಒಂದು ಕಿತ್ತಳೆ ಬಣ್ಣದ ಮೇಲಂಗಿ, ಉದ್ದ ಹಿಡಿಯ ಪೊರಕೆ ಕೊಟ್ಟಿದ್ದರು. ಜೊತೆಗೆ ಆರೋಗ್ಯ ವಿಮೆಯೂ ಇತ್ತು. ಮೊಹಲ್ಲಾದಲ್ಲಿ ವಿಮೆ ಇದ್ದವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು.

ಗೆಂಚೆವ್ ತನ್ನ ಕೂಲಿಯವರ ಹೆಸರನ್ನು ಎಲ್ಲಿಯೂ ಬರೆಸುವುದಿಲ್ಲ. ಬರೆಸಿದರೆ ಅವರ ವಿಮೆಗೆ ಅವನೂ ಕಟ್ಟಬೇಕು. ಹೂ ಬಿಡಿಸುವ ಕೈಗಳಿಗೆ ಅವನ ಲೆಕ್ಕದಲ್ಲಿ ಮೈ ಇಲ್ಲ, ಹೊಟ್ಟೆ ಇಲ್ಲ.

ತಂಗಿ ಸೇತುವೆಯ ಕಟ್ಟೆ ಹಿಡಿದು ಹಳದಿ ನೀರು ಕಾರಿಕೊಳ್ಳುವುದನ್ನು ಕಂಡು ಸೆವ್ದಾ ಪೊರಕೆ ಬಿಸಾಕಿ ಓಡಿದಳು. ಹಣೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಆಂಬುಲೆನ್ಸಿಗೆ ಫೋನು ಮಾಡಿದಳು.

"ಯಾವ ಬೀದಿ?" ಎಂದಿತು ಫೋನಿನ ಹೆಣ್ಣು ದನಿ.

"ಬೀದೀಗ್ ಹೆಸ್ರಿಲ್ಲ ತಾಯಿ. ಮೊಹಲ್ಲಾ."

"ಮೊಹಲ್ಲಾ ಒಳಗೆ ಗಾಡಿ ಬರಲ್ಲ. ಸೇತುವೆ ಹತ್ರ ತಂದು ಮಲಗಿಸಿ."

"ಸೇತ್ವೆ ಮ್ಯಾಲೇ ಬಿದ್ದವ್ಳೆ."

"ಒಳ್ಳೇದಾಯ್ತು. ಅಲ್ಲೇ ಇರಲಿ."

ಮಧ್ಯಾಹ್ನ ದಾಟಿದ ಮೇಲೆ ಗಾಡಿ ಬಂತು. ಔಷಧದ ಚೀಲ ಹಿಡಿದವನು ಒಂದು ಕಾಲನ್ನು ಗಾಡಿಯೊಳಗೇ ಇಟ್ಟುಕೊಂಡು ಬಗ್ಗಿ, ಲಂಗದ ಮೇಲಿನಿಂದಲೇ ತೊಡೆಗೆ ಸೂಜಿ ಚುಚ್ಚಿದ. "ಗ್ಯಾಸು," ಎಂದ. "ಕಡಿಮೆಯಾಗದಿದ್ರೆ ನಿಮ್ಮೂರ ಡಾಕ್ಟರ ಹತ್ರ ಆಸ್ಪತ್ರೆಗೆ ಚೀಟಿ ಬರೆಸ್ಕೊಳ್ಳಿ. ಚೀಟಿ ಇಲ್ಲದೆ ಎಲ್ಲೂ ಒಳಗೆ ಸೇರಿಸಲ್ಲ."

ಊರ ಡಾಕ್ಟರು ವೆಲಿಚ್ಕೊವಾ. ವಾರಕ್ಕೆ ಎರಡು ದಿನ ಪೇಟೆಯಿಂದ ಕಾರಿನಲ್ಲಿ ಬಂದು, ಮುಚ್ಚಿಹೋದ ಶಾಲೆಯ ಒಂದು ಕೋಣೆಯಲ್ಲಿ ಕೂರುತ್ತಿದ್ದಳು. ಮರುದಿನ ಅವಳ ಸರದಿ. ಸೆವ್ದಾ ತಂಗಿಯನ್ನು ಕಸದ ಗಾಡಿಯ ಮೇಲೆ ಕೂರಿಸಿಕೊಂಡು ತಳ್ಳಿಕೊಂಡು ಬಂದಳು. ಇವರು ಒಳಗೆ ಬರುವುದನ್ನು ಕಂಡ ಡಾಕ್ಟರು ಎದ್ದು, ಕುರ್ಚಿಯ ಮೇಲೆ ಹಳೆಯ ಪೇಪರು ಹಾಸಿ, "ಕೂತ್ಕೊ," ಎಂದಳು.

ನಾಸ್ಕಾಳ ಗುರುತಿನ ಕಾರ್ಡನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ನಂಬರು ಒತ್ತಿದಳು. ಕಂಪ್ಯೂಟರಿನ ಬೆಳಕು ಅವಳ ಕನ್ನಡಕದಲ್ಲಿ ಕೆಂಪಗೆ ಕಂಡಿತು.

"ಕೆಂಪು," ಎಂದಳು.

"ಹಂಗಂದ್ರೆ ಡಾಕ್ಟ್ರಮ್ಮ?"

"ವಿಮೆ ಕಟ್ಟಿಲ್ಲ. ವರ್ಷಗಟ್ಟಲೆ ಬಾಕಿ ಇದೆ. ಎಲ್ಲಾ ಕಟ್ಟಿ, ಹಸಿರು ಬಂದ ಮೇಲೆ ಕರ್ಕೊಂಡು ಬಾ, ಚೀಟಿ ಕೊಡ್ತೀನಿ."

"ಹೊಲ್ದಾಗೆ ದುಡೀತಾಳಲ್ಲ ತಾಯಿ, ಗೆಂಚೆವ್ ಧಣಿ ಹೆಸ್ರು ಬರ್ಸಾಕಿಲ್ಲ..."

"ಅದನ್ನ ನನ್ನ ಹತ್ರ ಯಾಕೆ ಹೇಳ್ತೀಯ? ಗೆಂಚೆವ್ ಒಳ್ಳೆ ಮನುಷ್ಯ. ಈ ಗೋಡೆಗೆ ಸುಣ್ಣ ಹೊಡೆಸಿಕೊಟ್ಟಿದ್ದು ಅವರೇ."

"ಅವ್ರು ಒಳ್ಳೇರೇ ಆಗ್ಲಿ. ನೀವೊಂದ್ಸಲ ಇವಳ ಹೊಟ್ಟೆ ಮುಟ್ ನೋಡ್ರವ್ವ. ಕೆಂಡ ಆಗದೆ."

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಮಗ್ಗಿ ಹೇಳಿಕೊಡುವವರ ಹಾಗೆ ಹೇಳಿದಳು. "ನೋಡು. ಮುಟ್ಟಿದ್ರೆ ಏನು ಕಂಡಿತು ಅಂತ ನಾನು ಬರೀಬೇಕು. ಬರೆದ್ರೆ ಆಸ್ಪತ್ರೆಗೆ ಕಳಿಸಬೇಕು. ಕೆಂಪಿನೋಳನ್ನ ಕಳಿಸಿದ್ರೆ ವಿಮೆಯವರು ನನ್ನ ಕುತ್ತಿಗೆಗೆ ಬರ್ತಾರೆ. ಅದಕ್ಕೇ ಮುಟ್ಟಲ್ಲ. ಅರ್ಥ ಆಯ್ತಾ?"

ಬಾಗಿಲು ತಟ್ಟದೆ ಒಳಗೆ ಬಂದವನು ಕಿರ್ಚೊ. ನಮ್ಮ ಮೊಹಲ್ಲಾದವನೇ, ಈಗ ಚರ್ಮದ ಕೋಟು, ಬಿಳಿ ವ್ಯಾನು. ರಬ್ಬರ್ ಬ್ಯಾಂಡು ಸುತ್ತಿದ ಒಂದು ಕಟ್ಟು ಕಾರ್ಡುಗಳನ್ನು ಮೇಜಿನ ಮೇಲೆ ಹಾಕಿದ. ಡಾಕ್ಟರು ತಲೆ ಎತ್ತದೆ ಕೇಳಿದಳು.

"ಈ ವಾರ ಏನು?"

"ಬೆನ್ನು, ಡಾಕ್ಟ್ರೆ. ಪುಪ್ಪುಸದ ವಾರ್ಡು ತುಂಬೋಗದೆ. ಬೆನ್ನಿನ್ ವಾರ್ಡು ಭಣಗುಡ್ತಾ ಅದೆ. ವಿಮೆಯೋರು ತಲೆ ಎಣಿಸಾಕೆ ಬತ್ತಾರಂತೆ, ದೊಡ್ಡ ಡಾಕ್ಟ್ರು ಒಂದೇ ಸಮ್ನೆ ಫೋನ್ ಮಾಡ್ತಾವ್ರೆ."

ಪ್ರಿಂಟರು ಟರ್ರ್ ಎಂದಿತು. ಒಂದರ ಹಿಂದೊಂದು ಚೀಟಿ ಬಂತು. ಪ್ರತಿ ಚೀಟಿಯಲ್ಲೂ ಒಂದು ಕೆಟ್ಟುಹೋದ ಬೆನ್ನು. ಆ ಬೆನ್ನುಗಳ ಪೈಕಿ ಒಂದು ನಿನ್ನೆ ಸಂಜೆಯಷ್ಟೇ ನಮ್ಮ ಬೀದಿಯಲ್ಲಿ ಸಿಮೆಂಟು ಮೂಟೆ ಹೊರುತ್ತಿದ್ದುದನ್ನು ಸೆವ್ದಾ ಕಂಡಿದ್ದಳು. ಹಸಿರು ಕಾರ್ಡಿನವನು, ಅಲ್ಲಿಗೆ ಬಂದೇ ಇರಲಿಲ್ಲ. ಡಾಕ್ಟರು ಅವನನ್ನೂ ಮುಟ್ಟಲಿಲ್ಲ.

ನಾಸ್ಕಾ ಕುರ್ಚಿಯಿಂದ ಜಾರಿದಳು. ಪೇಪರು ಬೆವರಿಗೆ ನೆನೆದು ಲಂಗಕ್ಕೆ ಅಂಟಿಕೊಂಡಿತ್ತು.

"ಆ ಪೇಪರನ್ನೂ ತಗೊಂಡು ಹೋಗಿ," ಎಂದಳು ಡಾಕ್ಟರು.

ಕಿರ್ಚೊನ ಚೀಟಿಯ ಮೇಲೆ ಹೋಗಿ ಮಲಗುವುದಕ್ಕೆ ನಮ್ಮಲ್ಲಿ ಹಾಸಿಗೆ ಕಾಯಲು ಹೋಗುವುದು ಎನ್ನುತ್ತಾರೆ. ವಿಮೆ ಇದ್ದವರನ್ನು, ಹಸಿರಿನವರನ್ನು, ಕಿರ್ಚೊ ತನ್ನ ವ್ಯಾನಿನಲ್ಲಿ ಪೇಟೆಯ ಖಾಸಗಿ ಆಸ್ಪತ್ರೆಗೆ ಒಯ್ಯುತ್ತಾನೆ. ಅವರು ಮೂರು ದಿನ ಮಲಗಿ ಎದ್ದು ಬಂದರೆ ಆಯಿತು. ಆಸ್ಪತ್ರೆಯವರು ವಿಮೆಯಿಂದ ಹಣ ಎಳೆಯುತ್ತಾರೆ. ಮಲಗಿದವರಿಗೆ ಬಿಸಿ ಸೂಪು, ಬೆಚ್ಚನೆ ಕೋಣೆ, ಬರುವಾಗ ಒಂದು ಸರ ಸಾಸೇಜು. ಚಳಿಗಾಲದಲ್ಲಿ ಸೌದೆ ತೀರಿದ ಮನೆಗಳವರು ಕಿರ್ಚೊನ ಕೈಕಾಲು ಹಿಡಿಯುತ್ತಾರೆ. ಆದರೆ ಈಗ ಮೇ ತಿಂಗಳು. ಕೈ ಆಡುವವರೆಲ್ಲ ಗುಲಾಬಿ ಹೊಲದಲ್ಲಿದ್ದರು. ಕಿರ್ಚೊನೇ ಮನೆ ಮನೆ ಅಲೆಯುತ್ತಿದ್ದ.

ಆ ಸಂಜೆ ಅವನು ಸೆವ್ದಾಳ ಅಂಗಳಕ್ಕೂ ಬಂದ.

"ನಿನ್ ಹೆಸ್ರಿನ ಚೀಟೀನೂ ಮಾಡ್ಸಿವ್ನಿ ಕಣಕ್ಕ. ನಿನ್ ನಂಬರ್ರು ಹೋದ್ ವರ್ಸದ್ದೇ ನನ್ ತಾವ ಇತ್ತು. ಬೆಳಿಗ್ಗೆ ಕಾರ್ಡ್ ತಕ್ಕೊಂಡು ವ್ಯಾನ್ ಹತ್ತು."

"ನಾನ್ ಚೆನ್ನಾಗಿವ್ನಿ. ನನ್ ತಂಗೀನ್ ಕರ್ಕೊಂಡೋಗೋ. ಒಳಗೆ ಗೋಡೆ ಪರಚ್ತಾ ಬಿದ್ದವ್ಳೆ."

"ಕೆಂಪಿನೋಳ್ನ ಕಟ್ಕೊಂಡ್ ನಾನೇನ್ ಮಾಡ್ಲಿ?"

"ಆಸ್ಪತ್ರೆ ಅಲ್ವೇನೋ ಅದು, ಹಡಬೆಗ್ ಹುಟ್ದೋನೆ?"

"ಆಸ್ಪತ್ರೆನೇ. ಅದ್ಕೇ ಹೇಳ್ತಿರೋದು. ಸಾಯೋ ಜನ್ರುಗೆ ಅಲ್ಲಿ ಜಾಗ ಇಲ್ಲ ಅಕ್ಕ. ಅಲ್ಲೀಗೆ ಗಟ್ಟಿಮುಟ್ಟಾಗಿರೋರೇ ಆಗ್ಬೇಕು."

ಅವನು ಹೋದ ಮೇಲೆ ಸೆವ್ದಾ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ನಾಸ್ಕಾಳ ಗಂಡ ಜರ್ಮನಿಯ ಕಸಾಯಿಖಾನೆಯಲ್ಲಿ ಹಂದಿ ಕೊಯ್ಯುತ್ತಿದ್ದ, ಫೋನು ಎತ್ತುತ್ತಿರಲಿಲ್ಲ. ಸೆವ್ದಾ ತನ್ನ ಕಾರ್ಡನ್ನು ರವಿಕೆಯೊಳಗಿಂದ ತೆಗೆದು ದೀಪದ ಹತ್ತಿರ ಹಿಡಿದಳು. ಅದೇ ಹಣೆ, ಅದೇ ದಪ್ಪ ಹುಬ್ಬು. ಇಬ್ಬರೂ ಅವ್ವನ ಮುಖದವರು. ಒಂದೇ ವ್ಯತ್ಯಾಸ, ನಾಸ್ಕಾಳ ಮುಂದಿನ ಹಲ್ಲು ಚಿನ್ನದ್ದು.

"ಕೇಳು ನಾಸ್ಕಾ. ನಾಳೆಯಿಂದ ನೀನು ಸೆವ್ದಾ. ಬಾಯಿ ಅಗಲ ಮಾಡ್ಬ್ಯಾಡ, ಹಲ್ಲು ಕಾಣ್ತದೆ."

"ಅವ್ರಿಗೆ ಗೊತ್ತಾಗಾಕಿಲ್ವ?"

"ನಮ್ಮೋರಲ್ದ ಈ ಗಾಜೊಗಳ್ಗೆ ನಮ್ ಮುಖ ಎಲ್ಲಾ ಒಂದೇ ಕಣೇ. ನೋಡುದ್ರೆ ತಾನೆ ಗೊತ್ತಾಗಾದು. ಇನ್ನೊಂದು ಹೇಳ್ತೀನಿ, ಮರೀಬ್ಯಾಡ. ಬಾಗ್ಲಲ್ಲಿ ಹೊಟ್ಟೆ ಅನ್ಬ್ಯಾಡ. ಹೊಟ್ಟೆ ಅಂದ್ರೆ ಬ್ಯಾರೆ ಚೀಟಿ ತತ್ತಾ ಅಂತ ಅಲ್ಲಿಂದ್ಲೇ ಅಟ್ಬುಡ್ತಾರೆ. ಬೆನ್ನು ಅನ್ನು. ಹಾಸ್ಗೆ ಸಿಗ್ಲಿ. ಹಾಸ್ಗೆ ಸಿಕ್ಕಿ, ಡಾಕ್ಟ್ರು ಬಂದು ಮೈ ಮುಟ್ತಾರಲ್ಲ, ಆಗ ಅವ್ರ ಕೈ ಹಿಡ್ದು ಹೊಟ್ಟೆ ಮ್ಯಾಲೆ ಇಕ್ಕು."

ಸೆವ್ದಾ ಹಿಂದೆ ಎರಡು ಚಳಿಗಾಲ ಹಾಸಿಗೆ ಕಾದು ಬಂದಿದ್ದಳು. ಆ ಎರಡು ಸಲವೂ ಯಾವ ಡಾಕ್ಟರೂ ತನ್ನನ್ನು ಮುಟ್ಟಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಮೈ ಗಟ್ಟಿಯಾಗಿದ್ದವಳು ಅದನ್ನು ಗಮನಿಸಿಯೇ ಇರಲಿಲ್ಲ.

ಬೆಳಗಿನ ಜಾವಕ್ಕೆ ನಾಸ್ಕಾಳ ನೋವು ಇದ್ದಕ್ಕಿದ್ದಂತೆ ಇಳಿಯಿತು. ಎದ್ದು ಕೂತು ನೀರು ಕೇಳಿದಳು. ಅಕ್ಕನ ಶಾಲು ಹೊದ್ದು, ಅಕ್ಕನ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು, ಚಿನ್ನದ ಹಲ್ಲು ತೋರಿಸಿ ನಕ್ಕಳು.

"ನಿನ್ ಕಾರ್ಡ್ ಕೈಗ್ ಬಂದೇಟ್ಗೆ ನೋವು ಹೆದ್ರಿ ಓಡೋಯ್ತು ಕಣಕ್ಕ."

"ಬಾಯಿ ಮುಚ್ಚೇ, ಹಲ್ಲು!"

ವ್ಯಾನಿನ ಬಾಗಿಲು ತೆರೆದ ಕಿರ್ಚೊ ಶಾಲಿನೊಳಗಿನ ಮುಖ ನೋಡಿದ. ಸೆವ್ದಾಳ ಮುಖ ನೋಡಿದ. ಖಾಲಿ ಸೀಟು ನೋಡಿದ.

"ನಾನೇನೂ ನೋಡಿಲ್ಲ," ಎಂದ. "ದಾರೀಲಿ ಮಾತ್ರ ಸಾಯ್ಬ್ಯಾಡ ಕಣವ್ವ."

ಮರುದಿನ ಸೆವ್ದಾ ಚರ್ಚಿನ ಮುಂದೆ ಗುಡಿಸುತ್ತಿದ್ದಾಗ ಫೋನು ಬಂತು. ಮೊಹಲ್ಲಾದ ಮುದುಕಿ ಮಿಂಕಾ, ಪಕ್ಕದ ಹಾಸಿಗೆ ಕಾಯಲು ಹೋದವಳು. ನಗುವಿನಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ನಿನ್ ತಂಗಿ ಎಂಥಾ ನಾಟ್ಕದೋಳೇ! ರಾತ್ರಿಯೆಲ್ಲಾ ನರಳವ್ಳೆ ಕಣೇ. ಕಿರ್ಚೊ ಹೇಳಿರ್ಲಿಲ್ವ, ಎಣಿಸೋರು ಬಂದಾಗ ಒಸಿ ನರಳ್ಬೇಕು ಅಂತ? ಇವ್ಳು ಈಗ್ಲಿಂದ್ಲೇ ಸುರು ಮಾಡ್ಕಂಡವ್ಳೆ. ನರ್ಸಮ್ಮ ಬಂದು, 'ಅಷ್ಟೊಂದ್ ಬೇಡ, ಸ್ವಲ್ಪ ಉಳಿಸ್ಕೊ' ಅಂದ್ಲು. ವಾರ್ಡೆಲ್ಲಾ ಬಿದ್ ಬಿದ್ ನಕ್ವಿ."

"ಡಾಕ್ಟ್ರು ಬಂದಿದ್ರಾ ಮಿಂಕತ್ತೆ?"

"ಬಾಗ್ಲಲ್ ನಿಂತು ತಲೆ ಎಣಿಸ್ಕಂಡ್ ಹೋದ್ರು. ದಿನಾ ಬತ್ತಾರಲ್ಲ ಹಂಗೆ."

"ಮಿಂಕತ್ತೆ. ಎದ್ದೋಗಿ ಅವ್ಳ ಹೊಟ್ಟೆ ಮುಟ್ಟು."

"ಏನಾಗದೆ ಅವ್ಳ್ ಹೊಟ್ಟೆಗೆ? ಬೆನ್ನಲ್ವ?"

"ಮುಟ್ಟೇ, ನಿನ್ ಕಾಲಿಗ್ ಬೀಳ್ತೀನಿ!"

ಮಂಚ ಕಿರುಗುಟ್ಟಿತು. ಚಪ್ಪಲಿ ಎಳೆದ ಸದ್ದಾಯಿತು. ಮಿಂಕಾಳ ದನಿ ಮತ್ತೆ ಬಂದಾಗ ಅದರಲ್ಲಿ ನಗುವಿರಲಿಲ್ಲ.

"ಹಲಗೆ ಇದ್ದಂಗದೆ ಕಣೇ ಸೆವ್ದಾ. ಮುಟ್ಟಿದ್ದೇಟ್ಗೆ ಕಣ್ ಮ್ಯಾಲಾಕುದ್ಲು."

ಸೆವ್ದಾ ಮನೆಗೆ ಹೋಗಲಿಲ್ಲ. ಮೇಲಂಗಿ ಕಳಚಲಿಲ್ಲ. ಪೊರಕೆ ಹಿಡಿದೇ ಬಸ್ಸು ಹತ್ತಿದಳು. "ಅದಕ್ಕೂ ಟಿಕೆಟ್ ತಗೊತೀಯೇನೆ?" ಎಂದ ಡ್ರೈವರು. ಅವಳಿಗೆ ಕೇಳಿಸಲಿಲ್ಲ.

ಆಸ್ಪತ್ರೆಯ ಗಾಜಿನ ಬಾಗಿಲಲ್ಲಿ ಕಾವಲಿನವನು ಪ್ರತಿಯೊಬ್ಬರ ಚೀಟಿ ಕೇಳುತ್ತಿದ್ದ. ಕಿತ್ತಳೆ ಮೇಲಂಗಿಯನ್ನೂ ಪೊರಕೆಯನ್ನೂ ಕಂಡು ಬಾಗಿಲು ತಾನೇ ಹಿಡಿದು, "ಎರಡನೇ ಮಹಡಿ ಮೊದ್ಲು ಗುಡಿಸು, ಸಾಹೇಬರು ಬರೋ ಹೊತ್ತು," ಎಂದ. ಅವಳ ಮುಖದ ಕಡೆ ನೋಡಲಿಲ್ಲ. ಮೊದಲ ಮಹಡಿಯ ಬಾಗಿಲ ಮೇಲೆ ಆಪರೇಷನ್ ಎಂದು ಬರೆದಿತ್ತು. ಸೆವ್ದಾ ಅದನ್ನು ಕೂಡಿಸಿ ಕೂಡಿಸಿ ಓದಿ ಮೇಲೆ ಹತ್ತಿದಳು.

ಬೆನ್ನಿನ ವಾರ್ಡಿನಲ್ಲಿ ಗಂಡಸರು ಕಿಟಕಿಯ ಬಳಿ ಇಸ್ಪೀಟು ಆಡುತ್ತಿದ್ದರು. ಹೆಂಗಸರು ಸೂರ್ಯಕಾಂತಿ ಬೀಜ ಸುಲಿದು ಸಿಪ್ಪೆಯನ್ನು ಮುಷ್ಟಿಗೆ ಉಗಿಯುತ್ತಿದ್ದರು. ನಾಸ್ಕಾ ಬಾಗಿಲ ಪಕ್ಕದ ಹಾಸಿಗೆಯಲ್ಲಿದ್ದಳು. ತುಟಿ ಬಿಳಿಚಿ ಒಡೆದಿತ್ತು, ಮೂಗು ಚೂಪಾಗಿತ್ತು. ಮಂಚದ ತಲೆಗೆ ಸೆವ್ದಾಳ ಹೆಸರು ನೇತಾಡುತ್ತಿತ್ತು. ಮಿಂಕಾ ಅವಳ ಕೈ ಹಿಡಿದು ನೆಲದ ಮೇಲೆ ಕೂತಿದ್ದಳು.

"ಅಕ್ಕಾ," ಎಂದಳು ನಾಸ್ಕಾ. "ಹಲ್ಲು ತೋರುಸ್ಲಿಲ್ಲ ಕಣಕ್ಕ."

ವಾರ್ಡಿನ ಡಾಕ್ಟರು ಕಾರಿಡಾರಿನಲ್ಲಿ ನಿಂತಿದ್ದರು. ಎತ್ತರದ ಮನುಷ್ಯ, ಎರಡೂ ಕೈ ಬಿಳಿ ಕೋಟಿನ ಜೇಬಿನಲ್ಲಿ.

"ಸಾಮಿ, ಬಾಗ್ಲತ್ರ ಮಲ್ಗವ್ಳಲ್ಲ, ಅವ್ಳು ನಿಜ್ವಾಗ್ಲೂ ಸಾಯ್ತಾವ್ಳೆ. ಹೊಟ್ಟೆ ಕಲ್ಲಾಗದೆ. ಬಂದು ಮುಟ್ ನೋಡಿ."

"ಅವಳು ಬೆನ್ನು ನೋವಿನವಳು," ಎಂದರು ಡಾಕ್ಟರು.

"ಬೆನ್ನಲ್ಲ ಸಾಮಿ, ಹೊಟ್ಟೆ."

"ಚೀಟಿಯಲ್ಲಿ ಬೆನ್ನು ಅಂತಿದೆ. ಬೆನ್ನಿನ ಚೀಟಿಗೆ ಹೊಟ್ಟೆ ಕೊಯ್ಯೋಕೆ ಬರಲ್ಲ. ಊರಿಗೆ ಹೋಗಿ ಹೊಟ್ಟೆಗೆ ಚೀಟಿ ಮಾಡಿಸ್ಕೊಂಡು ಬರಲಿ. ಕೆಳಗಡೆಯೇ ಸರ್ಜನ್ ಇದ್ದಾರೆ, ಒಂದು ಗಂಟೆ ಕೆಲಸ."

"ಇಲ್ಲೇ ಮಲ್ಗವ್ಳಲ್ಲ ಸಾಮಿ, ಮೆಟ್ಲು ಇಳ್ಸುದ್ರೆ ಆಯ್ತಲ್ಲ!"

"ಕಸ ಗುಡಿಸೋಕೆ ಬಂದವಳು ಕಸ ಗುಡಿಸು," ಎಂದರು ಡಾಕ್ಟರು. ಅವರ ಕೈಗಳು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ಹೋದವು.

ಕಿರ್ಚೊ ಎಲ್ಲಿಂದಲೋ ಬಂದು ಸೆವ್ದಾಳ ತೋಳು ಹಿಡಿದು ಮೂಲೆಗೆ ಎಳೆದ. ಅವನ ಹಣೆಯಲ್ಲಿ ಬೆವರು.

"ಬಾಯ್ ಮುಚ್ಕೊಳೇ ಅಕ್ಕ. ಎಣಿಸೋರು ಕೆಳುಗ್ ಬಂದವ್ರೆ. ನೀನು ನೀನೇ ಅಂತ ಗೊತ್ತಾದ್ರೆ ನಿನ್ನೂ ಜೈಲಿಗಾಕ್ತಾರೆ, ನಿನ್ ಕೆಲ್ಸಾನೂ ಹೋಯ್ತದೆ. ಅವ್ಳು ಕೆಂಪಿನೋಳು ಅಂತ ಗೊತ್ತಾದ್ರೆ ಈಗಿಂದೀಗ್ಲೇ ಎತ್ತಿ ಹೊರೀಕ್ ಬಿಸಾಕ್ತಾರೆ."

"ಹೇಳ್ದಿದ್ರೆ?"

"ನಾಳಿದ್ದು ಬಿಡುಗಡೆ ಮಾಡ್ತಾರೆ. ಗೇಟಿಂದಾಚೆ ಬೀದೀಲಿ ಮಲುಗ್ಸವ. ಪ್ಯಾಟೆ ಬೀದೀಲಿ ಬಿದ್ದೋರ್ನ ಚೀಟಿ ಕೇಳ್ದೆ ಆಂಬ್ಲೆನ್ಸ್‌ನೋರು ಎತ್ಕತಾರೆ. ದೊಡ್ಡಾಸ್ಪತ್ರೆಗ್ ಒಯ್ತಾರೆ."

"ಆಸ್ಪತ್ರೆ ಹಾಸ್ಗೆ ಮ್ಯಾಲಿಂದ ಎತ್ತಿ ಬೀದೀಗ್ ಹಾಕುದ್ರೆ ಆಸ್ಪತ್ರೆಗ್ ಸೇರುಸ್ಕತಾರೆ ಅಂತೀಯ."

"ಹೂಂ."

"ನಾಳಿದ್ದು."

ಸೆವ್ದಾ ನಾಲಗೆ ಚಪ್ಪರಿಸಿ ತಲೆಯನ್ನು ಮೇಲಕ್ಕೆತ್ತಿದಳು. ನಮ್ಮಲ್ಲಿ ಅದಕ್ಕಿಂತ ಗಟ್ಟಿಯಾದ 'ಇಲ್ಲ' ಬೇರೆ ಇಲ್ಲ.

ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ವಾರ್ಡಿನೊಳಗೆ ಇಸ್ಪೀಟು ದಿಂಬಿನಡಿಗೆ ಹೋಯಿತು. ಬೀಜದ ಸಿಪ್ಪೆಯನ್ನು ಮಂಚದಡಿಗೆ ಗುಡಿಸಿದ್ದಾಯಿತು. ವಿಮಾ ಕಚೇರಿಯ ಅಧಿಕಾರಿ ಸಣಕಲು ಮನುಷ್ಯ, ಕೈಯಲ್ಲಿ ಫೈಲು. ಅವನ ಹಿಂದೆ ಡಾಕ್ಟರು, ಅವರ ಹಿಂದೆ ದೊಡ್ಡ ನರ್ಸು. ಅವರು ಹೊಸ್ತಿಲು ದಾಟುತ್ತಲೇ ವಾರ್ಡು ಒಂದೇ ಗಂಟಲಲ್ಲಿ ನರಳತೊಡಗಿತು. ಸಿಮೆಂಟು ಹೊರುವವನು ಅವ್ವನನ್ನು ಕರೆದ. ಮೂಲೆಯ ಹೆಂಗಸೊಬ್ಬಳು ಸೊಂಟ ಹಿಡಿದು ಯೇಸುವನ್ನು ಕೂಗಿದಳು. ಒಬ್ಬೊಬ್ಬರದೂ ಒಂದೊಂದು ರಾಗ.

ನರಳದೆ ಮಲಗಿದ್ದವಳು ನಾಸ್ಕಾ ಒಬ್ಬಳೇ. ಅವಳಲ್ಲಿ ನರಳಲು ಬೇಕಾದಷ್ಟು ಉಸಿರು ಉಳಿದಿರಲಿಲ್ಲ.

ಅಧಿಕಾರಿ ಹೆಸರು ಓದಿದ, ಕಾರ್ಡು ನೋಡಿದ, ಗುರುತು ಹಾಕಿದ. ಬಾಗಿಲ ಪಕ್ಕದ ಹಾಸಿಗೆಗೆ ಬಂದ. "ಸೆವ್ದಾ ಆಸೆನೊವಾ."

"ನಿದ್ದೆ ಮಾಡ್ತಿದಾಳೆ ಸಾರ್," ಎಂದಳು ನರ್ಸು. "ಇಂಜೆಕ್ಷನ್ ಕೊಟ್ಟಿದ್ದೀವಿ."

"ಸೆವ್ದಾ ಆಸೆನೊವಾ?"

"ಇಲ್ಲಿವ್ನಿ," ಎಂದಳು ಸೆವ್ದಾ ಹಿಂದಿನಿಂದ.

ನರಳಾಟ ಅಷ್ಟಷ್ಟಾಗಿ ನಿಂತಿತು. ಅಧಿಕಾರಿ ತಿರುಗಿ ಪೊರಕೆಯನ್ನು ನೋಡಿದ, ಕಾರ್ಡಿನ ಫೋಟೊ ನೋಡಿದ, ಆಮೇಲೆ ಮುಖ ನೋಡಿದ. ಆ ಕಟ್ಟಡದಲ್ಲಿ ಆ ದಿನ ಅವಳ ಮುಖವನ್ನು ನೋಡಿದ ಮೊದಲನೆಯ ಗಾಜೊ ಅವನು.

"ನಾನೇ ಸೆವ್ದಾ. ನಂಗೆ ಬೆನ್ನೂ ಚೆನ್ನಾಗದೆ, ಹೊಟ್ಟೇನೂ ಚೆನ್ನಾಗದೆ. ಇಲ್ಲಿರೋ ಎಲ್ಲಾರ್ದೂ ಚೆನ್ನಾಗದೆ. ಬೇಕಾದ್ರೆ ಎಬ್ಸಿ ಕುಣುಸಿ. ಈ ಹಾಸ್ಗೇಲಿರೋಳು ನನ್ ತಂಗಿ ನಾಸ್ಕಾ. ಇಡೀ ವಾರ್ಡ್ನಾಗೆ ಕಾಯ್ಲೆ ಇರೋದು ಇವ್ಳೊಬ್ಳಿಗೇ."

"ಇವಳಿಗೆ ವಿಮೆ ಇದೆಯಾ?" ಎಂದ ಅಧಿಕಾರಿ.

"ಇಲ್ಲ."

"ಚೀಟಿ?"

"ಇಲ್ಲ."

ಅವನು ನಾಸ್ಕಾಳ ಎದೆ ಏರಿಳಿಯುವುದನ್ನು ನೋಡಿದ. ಪೆನ್ನು ತೆರೆದ.

"ಹಾಗಾದರೆ ಈ ಹಾಸಿಗೆ ಖಾಲಿ," ಎಂದು ಬರೆದುಕೊಂಡ.

ಮೊದಲು ಓಡಿದವನು ಸಿಮೆಂಟು ಹೊರುವವನು. ಪ್ಯಾಂಟು ಕೈಯಲ್ಲಿ ಹಿಡಿದೇ ಬಾಗಿಲು ದಾಟಿದ. ಅವನ ಹಿಂದೆ ಬೆನ್ನು ಕೆಟ್ಟ ಎಲ್ಲರೂ ಎದ್ದರು. ಯಾರ ಬೆನ್ನೂ ಯಾರನ್ನೂ ತಡೆಯಲಿಲ್ಲ. ಚಪ್ಪಲಿಗಳು ಅದಲು ಬದಲಾದವು. ಕಿರ್ಚೊ ಮೆಟ್ಟಿಲಿಳಿಯುತ್ತ ವ್ಯಾನಿನ ಬೀಗದ ಕೈಗಾಗಿ ಕೋಟೆಲ್ಲ ತಡಕುತ್ತಿದ್ದ. ಮಿಂಕಾ ಬಾಗಿಲವರೆಗೆ ಹೋದವಳು ನಿಂತಳು. "ಹೋಗ್ರಲೋ, ಸೂಳೆಮಕ್ಳ," ಎಂದು ಓಡುವವರ ಬೆನ್ನಿಗೆ ಬೈದು, ವಾಪಸು ಬಂದು ನಾಸ್ಕಾಳ ಕೈ ಹಿಡಿದು ಕೂತಳು.

ನರ್ಸು ಆಗಲೇ ಹಾಸಿಗೆಗಳ ಬಟ್ಟೆ ಎಳೆಯತೊಡಗಿದ್ದಳು. ಬರಿಯ ಮಂಚಗಳ ನಡುವೆ ನಾಸ್ಕಾಳ ಹಾಸಿಗೆ ಒಂದೇ ಉಳಿಯಿತು. ಡಾಕ್ಟರು ಅಧಿಕಾರಿಯ ಕಿವಿಯ ಹತ್ತಿರ ಬಾಗಿ, ಕೆಳಗೆ ಕಾಫಿ ಇದೆ, ಕೂತು ಮಾತಾಡೋಣ ಎಂದರು. ನರ್ಸಿಗೆ, "ಇವಳನ್ನ ಹೊರಗೆ ಹಾಕಿಸು," ಎಂದರು.

ವಾರ್ಡಿಗೆ ಇದ್ದದ್ದು ಒಂದೇ ಬಾಗಿಲು, ಎರಡು ಹಲಗೆಯದು. ಎರಡಕ್ಕೂ ಒಳಗಡೆ ಉಕ್ಕಿನ ಹಿಡಿ. ಸೆವ್ದಾ ಹಲಗೆಗಳನ್ನು ಎಳೆದು ಕೂಡಿಸಿ, ಪೊರಕೆಯ ಕಾವನ್ನು ಎರಡು ಹಿಡಿಗಳ ನಡುವೆ ಅಡ್ಡಡ್ಡ ತೂರಿಸಿದಳು. ಸಿಕ್ಕಿಕೊಂಡ ಕಡೆ ಎದೆಗೊಟ್ಟು ಒತ್ತಿದಳು. ಕಾವು ಕಚ್ಚಿಕೊಂಡಿತು.

"ಏನು ಮಾಡ್ತಿದ್ದೀಯೇ ನೀನು?" ಎಂದಳು ನರ್ಸು.

"ಹಾಸ್ಗೆ ಕಾಯ್ತಿವ್ನಿ."

"ಬಾಗಿಲು ತೆಗಿ. ಪೊಲೀಸ್ ಕರೆಸ್ತೀನಿ," ಎಂದರು ಡಾಕ್ಟರು.

"ಕರ್ಸಿ. ನನ್ ತಾವಾನೂ ಫೋನದೆ, ನಾನೂ ಕರೀತೀನಿ. ಬರ್ಲಿ. ಅಲ್ಲೀಗಂಟ ಇಲ್ಲಿಂದ ಯಾರೂ ಆಚೀಗೋಗಾಕಿಲ್ಲ. ಚೀಟಿ ಇದ್ದೋರೂ ಅಷ್ಟೆ, ಇಲ್ದೋರೂ ಅಷ್ಟೆ."

"ನಿನ್ನ ಕೆಲಸ ಹೋಗುತ್ತೆ," ಎಂದ ಅಧಿಕಾರಿ.

"ಹೋಗ್ಲಿ. ಅದು ಹೋದ್ರೆ ನಾನೂ ಕೆಂಪು, ಇವ್ಳೂ ಕೆಂಪು. ಕೇಳುಸ್ಕೊಳಿ ಸಾಮಿ. ನಮ್ಮೂರ್ ಕಡೆ ಸತ್ತೋರ ಪತ್ರ ಗೋಡೆ ಮ್ಯಾಲಿಂದ ಕೆರ್ದು ತಗಿಯೋಳು ನಾನೇ. ನನ್ ತಂಗಿ ಇಲ್ಲಿ ಸತ್ರೆ ಅವ್ಳ ಫೋಟೋನ ನಿಮ್ ಗಾಜಿನ್ ಬಾಗ್ಲಿಗೆ ಅಂಟುಸ್ತೀನಿ. ಆ ಡಾಕ್ಟ್ರಮ್ಮನ ಸುಣ್ಣದ್ ಗೋಡೆಗ್ ಅಂಟುಸ್ತೀನಿ. ಗೆಂಚೆವ್ ಗೇಟಿಗ್ ಅಂಟುಸ್ತೀನಿ. ಅವ್ಳದೇ ಹೆಸ್ರು ಹಾಕ್ಸಿ, ನಕ್ಕಂಡಿರೋ ಫೋಟೊ, ಹಲ್ಲು ಕಾಣಂಗೆ. ಅದ್ನ ಯಾವ್ ಬೋಳಿಮಗ ಕೆರೀತಾನೆ ನೋಡ್ತೀನಿ."

ಹೊರಗೆ ಯಾರೋ ಬಾಗಿಲು ತಳ್ಳಿದರು. ಕಾವು ಬಾಗಿತು, ಮುರಿಯಲಿಲ್ಲ. ಇನ್ನೊಬ್ಬರು ಬಂದು ಭುಜ ಕೊಟ್ಟು ಗುದ್ದಿದರು. ಹಿಡಿಗಳ ನಡುವೆ ಪೊರಕೆಯ ಕಡ್ಡಿಗಳು ಒಂದೆರಡು ಉದುರಿದವು. ಸೆವ್ದಾ ತನ್ನ ಬೆನ್ನನ್ನು ಬಾಗಿಲಿಗೆ ಕೊಟ್ಟು, ಕಾಲುಗಳನ್ನು ನೆಲಕ್ಕೆ ಊರಿ ನಿಂತಳು. ಚೀಟಿಯಲ್ಲಿ ಕೆಟ್ಟುಹೋಗಿದೆ ಎಂದು ಬರೆದಿದ್ದ ಬೆನ್ನು ಅದೇ.

ಮಿಂಕಾ ನಾಸ್ಕಾಳ ಹೊದಿಕೆಯನ್ನು ಸರಿಸಿ ಹೊಟ್ಟೆ ಕಾಣಿಸುವ ಹಾಗೆ ಮಾಡಿದಳು. ಊದಿ ಬಿಗಿದು ಹೊಳೆಯುತ್ತಿತ್ತು.

"ಒಂದ್ ಸಲ," ಎಂದಳು ಸೆವ್ದಾ. "ಒಂದೇ ಒಂದ್ ಸಲ ಮುಟ್ ನೋಡಿ. ತೆಗೀತೀನಿ."

ಬಾಗಿಲು ಮತ್ತೆ ಅದುರಿತು. ಅಧಿಕಾರಿ ಡಾಕ್ಟರ ಮುಖ ನೋಡಿದ. ನರ್ಸು ಡಾಕ್ಟರ ಮುಖ ನೋಡಿದಳು. ನಾಸ್ಕಾಳ ಬಾಯಿ ತೆರೆದುಕೊಂಡಿತ್ತು, ಒಳಗೆ ಚಿನ್ನದ ಹಲ್ಲು ಮಿನುಗುತ್ತಿತ್ತು.

ಡಾಕ್ಟರ ಕೈಗಳು ಇನ್ನೂ ಜೇಬಿನಲ್ಲೇ ಇದ್ದವು.